ರೇಣವ್ವನ ಸ್ವರಕ್ಕೊಂದು ಬೆಣೆ

ಎಲೆಕ್ಟ್ರಿಕ್ ಗಿಟಾರಿನ ಬೆನ್ನ ಮುಚ್ಚಳ ತೆಗೆದು, ಸ್ವರ ನಡುಗಿಸುವ ಹಿಡಿಕೆಯ ಸ್ಪ್ರಿಂಗಿನ ಸಂದಿಗೆ ಸಾಗವಾನಿಯ ಬೆಣೆ ಜಡಿದು, ಮಗ್ಗ ರಿಪೇರಿಯ ಬಡಿಗೇರ ಮಾನಪ್ಪ ಕೊನೆಯ ಸ್ಕ್ರೂ ಬಿಗಿದ. "ಇನ್ನ ಈ ಹಿಡಿಕಿ ಆನಿ ಜಗ್ಗಿದ್ರೂ ಅಳ್ಳಾಡಂಗಿಲ್ಲ" ಎಂದು ಗಿಟಾರನ್ನು ಅದನ್ನು ನುಡಿಸುವ ಹೊಳಬಸಪ್ಪನ ಕೈಗಿಟ್ಟ.

"ನೋಡೇಬಿಡೂಣು" ಎಂದಳು ಆರ್ಕೆಸ್ಟ್ರಾದ ಹಾಡುಗಾರ್ತಿ ರೇಣವ್ವ. "ನೀ ಆ ಹಿಡಿಕಿ ಒತ್ತಿ ತಂತಿ ನಡುಗಿಸಿದಾಗೊಮ್ಮೆ ಸ್ವರ ಇಳದು ನನ್ನ ಹಾಡು ಕೆಡ್ತದ. ಇವತ್ತೂ ಕೆಟ್ರ, ನಾಳಿ ಹುನಗುಂದದ ಮದುವಿಗೆ ಬ್ಯಾರೆ ಗಿಟಾರದವನ್ನ ಕರ್ಕೊಂಡು ಹೋಗ್ತೇನಿ."

"ಹಂಗನ್ನಬ್ಯಾಡ್ರೀ ಅಕ್ಕಾರ" ಎನ್ನುತ್ತ ಹೊಳಬಸಪ್ಪ ಬೆವರಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನುಡಿಸತೊಡಗಿದ. ರೇಣವ್ವ ಅವನ ಕೈಯನ್ನೇ ದಿಟ್ಟಿಸುತ್ತ ಹಾಡಿದಳು. ಚರಣ ಮುಗಿಯುವ ಹೊತ್ತಿಗೆ ಆ ಕೈ ರೂಢಿಯಂತೆ ಹಿಡಿಕೆಯನ್ನು ಒತ್ತಿಯೇಬಿಟ್ಟಿತು. ಹಿಡಿಕೆ ಮಿಸುಕಲಿಲ್ಲ. ತಂತಿಯ ಸ್ವರ ಕಂಬದಂತೆ ನೆಟ್ಟಗೆ ನಿಂತಿತು. ವರ್ಷಗಟ್ಟಲೆ ಆ ಹಿಡಿಕೆಯ ಬೆನ್ನು ಹತ್ತಿ ಬಂದಿದ್ದ ರೇಣವ್ವನ ದನಿ ಮಾತ್ರ ಸರ್ರನೆ ಕೆಳಗಿಳಿದು, ಗಡಗಡ ನಡುಗಿ, ಮತ್ತೆ ಮೇಲೇರಿತು.

ರೇಣವ್ವ ಮೆಲ್ಲಗೆ ತನ್ನ ಕೊರಳು ಮುಟ್ಟಿ ನೋಡಿಕೊಂಡಳು. ಮಾನಪ್ಪ ಚೀಲದಿಂದ ಇನ್ನೊಂದು ಕಟ್ಟಿಗೆ ತುಂಡು ತೆಗೆದು, ಅಳತೆ ನೋಡುವವನಂತೆ ಒಂದು ಕಣ್ಣು ಮುಚ್ಚಿ, "ಅಕ್ಕಾರ, ಒಂದೀಟು ಬಾಯಿ ತೆಗೀರಿ" ಎಂದ.