ಹೇಮಲತೆಯ ನೆರಳು

ಸತ್ತವರ ನೆರಳು ಮನೆಯ ಗೋಡೆಯ ಮೇಲೆ ಒಂಬತ್ತು ದಿನ ಉಳಿಯುತ್ತಿತ್ತು. ಅಷ್ಟರೊಳಗೆ ಅದರ ಆಕಾರವನ್ನು ಹಲಗೆಯಲ್ಲಿ ಕತ್ತರಿಸಿ ಇಟ್ಟುಕೊಳ್ಳುವುದು ದಾವಣಗೆರೆಯವರ ವಾಡಿಕೆ. ಜ್ವರಕ್ಕೆ ತೀರಿಹೋದ ಮಗಳು ಹೇಮಲತೆಯ ನೆರಳನ್ನು ಬೇರೆಯವರ ಕೈಗೆ ಕೊಡಲು ಪ್ರಿಂಟರ್ ರಿಪೇರಿಯ ಮರುಳಪ್ಪನಿಗೆ ಮನಸ್ಸಾಗಲಿಲ್ಲ. ಹಳೆಯ ಪ್ರಿಂಟರುಗಳ ಮೋಟಾರು ಬಿಚ್ಚಿ, ಕಂಪ್ಯೂಟರಿಗೆ ಜೋಡಿಸಿ, ಬೆಳಕಿನ ಕಿರಣದಿಂದ ಹಲಗೆ ಕತ್ತರಿಸುವ ಲೇಸರ್ ಕಟರ್ ಅನ್ನು ತಾನೇ ಕಟ್ಟತೊಡಗಿದ. ಎರಡು ಸಲ ಹಲಗೆ ಸುಟ್ಟು ಕರಕಲಾಯಿತು. ಒಂಬತ್ತನೆಯ ದಿನ ಮಧ್ಯಾಹ್ನ ಯಂತ್ರ ಸರಿಯಾಗಿ ಓಡಿತು. ಇನ್ನು ನೆರಳಿನ ಫೋಟೊ ತೆಗೆದು ಅದಕ್ಕೆ ಕೊಡುವುದಷ್ಟೇ ಬಾಕಿ.

"ಗೌರಾ, ಫೋಟೊ ತೆಗೀಬೇಕು. ಸ್ವಲ್ಪ ಪಕ್ಕಕ್ಕೆ ಸರಿ," ಎಂದ.

ನೆರಳಿಗೆ ಆತು ಕೂತಿದ್ದ ಹೆಂಡತಿ ಅಲುಗಲಿಲ್ಲ. "ಒಂಬತ್ತು ದಿನದಾಗೆ ಒಂದ್ಸಲನಾರ ಅವಳ ಹತ್ರ ಬಂದು ಕುಂತ್ರಾ ನೀವು?"

ಮರುಳಪ್ಪ ನೆರಳಿನತ್ತ ನೋಡಿದ. ಮಗಳ ಜಡೆ ಆಗಲೇ ಮಾಸತೊಡಗಿತ್ತು. ಫೋನು ಕೆಳಗಿಟ್ಟು, ಮಗಳ ನೆರಳಿನ ಇನ್ನೊಂದು ಪಕ್ಕದಲ್ಲಿ ಹೋಗಿ ಕೂತ.

ಸಂಜೆ ಲೈಟು ಹಾಕಿದಾಗ ಗೋಡೆಯ ಮೇಲೆ ಗಂಡ ಹೆಂಡತಿಯ ನೆರಳು ಮಾತ್ರ ಇತ್ತು.