ಕುರ್ಚಿ ನಂದು, ಚಹಾ ನಿಮ್ದು

ಅತ್ತೆ ಕಂಬದ ಮರೆಯಲ್ಲಿ ನಿಂತು ಕಣ್ಣಾರೆ ಕಂಡಳು. ಸೊಸೆ ಮತ್ತೆ ಅದೇ ಸಿನಿಮಾಕ್ಕೆ ಟಿಕೆಟ್ ಕೊಂಡು ಒಳಗೆ ಓಡಿದಳು. ಹಾಗಾದರೆ ಪಕ್ಕದ ಮನೆಯಾಕೆ ಕಿವಿಯಲ್ಲಿ ಊದಿದ್ದು ಸುಳ್ಳಲ್ಲ: "ನಿಮ್ಮ ಸೊಸೆಗೆ ಆ ಖಳನಾಯಕನ ಹುಚ್ಚು ಹಿಡಿದಿದೆ ಕಣ್ರೀ. ಅವನು ಬಂದ್ರೆ ಶಿಳ್ಳೆ ಹೊಡೀತಾಳೆ!"

ಸಿನಿಮಾ ಎಂದರೆ ಅತ್ತೆಗೆ ಮೈಯೆಲ್ಲ ಉರಿ. ಸಿನಿಮಾದವರ ಗಾಳಿಯೂ ತನ್ನ ಮನೆಗೆ ಸೋಕಬಾರದೆಂದು ಕಟ್ಟಪ್ಪಣೆ ಮಾಡಿದವಳು. ಅಂಥವಳ ಸೊಸೆ ಹೀಗೆ! ಮಗನೋ, ದಿನವೂ ಆಫೀಸಿನಿಂದ ಗಂಟಲು ಕಟ್ಟಿಕೊಂಡು ಬರುತ್ತಾನೆ. ಬಿಸಿನೀರು ಕುಡಿದು, ಹ್ಞೂಂ ಉಹ್ಞೂಂ ಎನ್ನುತ್ತ ಮೂಲೆ ಹಿಡಿಯುತ್ತಾನೆ. ಹುಟ್ಟಿದಾಗಿನಿಂದ ಅಮ್ಮನೆದುರು ದನಿ ಎತ್ತಿದವನಲ್ಲ. ಪಾಪ, ಒಳಗೊಳಗೇ ಕೊರಗುತ್ತಿದ್ದಾನೆ. ಇವತ್ತು ಇವಳನ್ನು ಹಿಡಿದು, ಸಂಜೆಯೊಳಗೆ ತವರಿಗೆ ಅಟ್ಟುವುದೇ ಸೈ.

ಅತ್ತೆ ಶಾಲನ್ನು ಮುಖದವರೆಗೆ ಎಳೆದುಕೊಂಡು ಹಿಂದಿನ ಸಾಲಿನಲ್ಲಿ ಓರೆಯಾಗಿ ಕೂತಳು.

ನಾಯಕ ಬಂದ. ಬುದ್ಧಿವಾದ ಹೇಳಿದ, ಹೂಗಿಡಕ್ಕೆ ನೀರು ಹಾಕಿದ. ಜನ ಆಕಳಿಸಿದರು. ಆಮೇಲೆ ಖಳನಾಯಕ ಬಂದ. ವರ್ಷಗಟ್ಟಲೆ ತನ್ನನ್ನು ಗೋಳು ಹೊಯ್ದುಕೊಂಡ ಮ್ಯಾನೇಜರನ ಮುಂದೆ ನಿಂತು ತಣ್ಣಗೆ ಅಂದ: "ಏಳಿ ಮೇಲೆ. ಇವತ್ತಿಂದ ಕುರ್ಚಿ ನಂದು, ಚಹಾ ತರೋದು ನಿಮ್ದು."

ಥಿಯೇಟರಿನ ಚಾವಣಿ ಹಾರಿಹೋಗುವಂಥ ಗದ್ದಲ. ಸೊಸೆ ಬಾಯಿಗೆ ಬೆರಳಿಟ್ಟು ಶಿಳ್ಳೆ ಹೊಡೆದಳು. ಬಗ್ಗಿ ನೋಡಿದರೆ, ಕಣ್ಣು ಮುಚ್ಚಿಕೊಂಡಿದ್ದಳು. ಇಷ್ಟಾದರೂ ನಾಚಿಕೆ ಉಳಿದಿದೆಯಲ್ಲ ಎಂದು ಅತ್ತೆ ಹಲ್ಲು ಕಡಿದಳು.

ಆದರೆ ಆ ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಗಂಡನ ಅಣ್ಣಂದಿರ ಎದುರಿನಲ್ಲಿ ತಾನು ನುಂಗಿಕೊಂಡ ಮಾತನ್ನೆಲ್ಲ ಈ ಪಾಪಿ ಒಂದೊಂದಾಗಿ ಆಡಿ ತೀರಿಸುತ್ತಿದ್ದ! ಅತ್ತೆಗೆ ಹೊಟ್ಟೆಯೊಳಗೆಲ್ಲ ಕಚಗುಳಿ. ಪೊಲೀಸರು ಅವನನ್ನು ಸುತ್ತುವರಿದಾಗ ಅವಳು ಎದ್ದು ನಿಂತೇ ಕೂಗಿದಳು: "ಓಡೋ, ಹಿಂದಿನ ಬಾಗಿಲು ತೆಗೆದಿದೆ!"

ಸೊಸೆ ಹಿಂತಿರುಗಿ ನೋಡಿದಳು.

ಸಿನಿಮಾ ಮುಗಿಸಿ ಇಬ್ಬರೂ ಒಟ್ಟಿಗೇ ಮನೆಗೆ ಬಂದರು. ಒಳಗೆ ಕಾಲಿಟ್ಟದ್ದೇ ಅತ್ತೆ ತನ್ನ ದೊಡ್ಡ ಕುರ್ಚಿಯಲ್ಲಿ ಕೂತು ಮಗನನ್ನು ಕರೆದಳು. ಅವನು ಕುತ್ತಿಗೆಗೆ ಮಫ್ಲರ್ ಸುತ್ತಿ, ಬಿಸಿನೀರಿನ ಲೋಟ ಹಿಡಿದು ಬಂದ.

"ನಿನ್ನ ಹೆಂಡ್ತಿ ಆ ಖಳನಾಯಕನಿಗೆ ಮನಸೋತಿದ್ದಾಳೆ ಕಣೋ. ತಪ್ಪು ಅವಳೊಬ್ಬಳದೇ ಅಲ್ಲ. ಏನು ಗತ್ತು ಅವನದು, ಏನು ದನಿ! ಅದರಲ್ಲಿ ಕಾಲು ಭಾಗ ನಿನಗಿದ್ದಿದ್ರೆ ಇವಳು ಯಾಕೆ ಅಲ್ಲಿಗೆ ಹೋಗ್ತಿದ್ಲು?"

ಸೊಸೆಗೆ ನಗು ತಡೆಯಲಾಗಲಿಲ್ಲ. "ರೀ, ಮುಚ್ಚಿಟ್ಟಿದ್ದು ಸಾಕು. ನಿಮ್ಮ ಆಫೀಸಲ್ಲಿ ಏನು ಕೆಲಸ ಅಂತ ಅತ್ತೆಗೂ ಗೊತ್ತಾಗ್ಲಿ."

ಮಗ ಲೋಟ ಕೆಳಗಿಟ್ಟ. ಮಫ್ಲರ್ ಬಿಚ್ಚಿದ. ಗಂಟಲು ಸರಿಮಾಡಿಕೊಂಡ.

"ಏಳಿ ಮೇಲೆ. ಇವತ್ತಿಂದ ಕುರ್ಚಿ ನಂದು, ಚಹಾ ತರೋದು ನಿಮ್ದು" ಎಂದು ಥಿಯೇಟರಿನ ಅದೇ ದನಿಯಲ್ಲಿ ಅಂದ, ಆ ಖಳನಾಯಕನ ಮಾತನ್ನೆಲ್ಲ ಡಬ್ ಮಾಡಿಕೊಟ್ಟಿದ್ದ ಅವಳ ಮಗ.