ಸೆರಗಿನ ನಾಲ್ಕು ಗಂಟು

"ಸಂಗಡ ಒಳಗ ಹೋಗೋರಿಗೆ ಹದಿನೆಂಟು ತುಂಬಿರಬೇಕಮ್ಮ," ಎಂದು ಆಲೂರಿನ ಮತಗಟ್ಟೆಯ ಅಧಿಕಾರಿ ಪ್ರತಿಮಾಳನ್ನು ಬಾಗಿಲಲ್ಲೇ ತಡೆದರು. ಅವಳಿಗೆ ಹದಿನೇಳು. ಅವಳ ಭುಜ ಹಿಡಿದು ನಿಂತಿದ್ದ ಅಜ್ಜಿ ಅಂಬಮ್ಮನಿಗೆ ಎರಡೂ ಕಣ್ಣು ಕಾಣುವುದಿಲ್ಲ.

"ಅಜ್ಜಿ ಗುಳಿಗಿ, ಪಿಂಚಣಿ ಕಾಗದ ಎಲ್ಲಾ ನಾನೇ ನೋಡ್ತೀನಿ ಸಾರ್. ಇದಕ್ಕಷ್ಟೇ ಆಗಂಗಿಲ್ಲೇನ್ರಿ? ಹದಿನಾರಕ್ಕೇ ಓಟು ಕೊಡೋ ಕಾಯ್ದೆ ಮಾಡಬೇಕು."

"ಮಾಡಲಿ ಬಿಡವ್ವ, ಆವಾಗ ಬಾ," ಎಂದು ನಕ್ಕ ಸಾಲಿನಲ್ಲಿದ್ದ ಓಣಿಯ ಮುಖಂಡ ಕೊಟ್ರೇಶ, ಅಜ್ಜಿಯ ಕೈ ಹಿಡಿದ. "ಬಾ ದೊಡ್ಡವ್ವ, ನಾ ಒತ್ತಿಸ್ತೀನಿ."

ಪ್ರತಿಮಾಳ ಕಣ್ಣು ಅಜ್ಜಿಯ ಸೆರಗಿನ ಮೇಲೆ ಹೋಯಿತು. ಬೆಳಿಗ್ಗೆ ಅವಳೇ, ಅಜ್ಜಿ ಎಣಿಸಿ ಒತ್ತಲೆಂದು, ಅದರ ತುದಿಗೆ ನಾಲ್ಕು ಗಂಟು ಹಾಕಿದ್ದಳು. ಮತಯಂತ್ರದಲ್ಲಿ ಮೇಲಿನಿಂದ ನಾಲ್ಕನೇ ಗುಂಡಿ, ಆದೋನಿಯ ಕಾಲೇಜಿಗೆ ಬಸ್ಸು ಬಿಡಿಸುತ್ತೇನೆಂದ ಅಭ್ಯರ್ಥಿಯದು. ತನಗಿಲ್ಲದ ಓಟನ್ನು ಅವಳು ಆ ಗಂಟುಗಳಲ್ಲಿ ಕಟ್ಟಿ ಕಳಿಸುತ್ತಿದ್ದಳು.

ಅಂಬಮ್ಮ ಕೈ ಬಿಡಿಸಿಕೊಂಡಳು. "ಬೆರಳು ನನಗೂ ಅದಾವಪ್ಪ," ಎಂದವಳೇ ಗೋಡೆ ತಡವುತ್ತ ಒಬ್ಬಳೇ ಒಳಗೆ ಹೋದಳು. ಪ್ರತಿಮಾ ನಿಂತಲ್ಲಿ ನಿಲ್ಲಲಾರದೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದಳು. ಬಹಳ ಹೊತ್ತಿನ ಮೇಲೆ ಯಂತ್ರ ಉದ್ದಕ್ಕೆ ಕೂಗಿತು.

ಅಜ್ಜಿ ಹೊರಗೆ ಬಂದಾಗ ಸೆರಗಿನ ತುದಿ ಮುದುಡಿತ್ತು. ಅದರಲ್ಲಿ ಒಂದು ಗಂಟೂ ಇರಲಿಲ್ಲ.

"ಎಷ್ಟನೇದು ಒತ್ತಿದಿ ಅಜ್ಜಿ?"

"ಅದು ನನಗ ಗೊತ್ತು," ಎಂದು ಅಂಬಮ್ಮ ಮೊಮ್ಮಗಳ ಭುಜ ಹುಡುಕಿ ಹಿಡಿದಳು. "ನಿನ್ನ ಕಾಯ್ದೆ ಬರಲಿ. ನೀ ಯಾವುದು ಒತ್ತಿದಿ ಅಂತ ನಾನೂ ಕೇಳಂಗಿಲ್ಲ."